ಸಹಿಯಿಲ್ಲದ ಬರಹ, ಎದ್ದು ಕಾಣುವ ಮನೆತನ: ಮರ್ಸಿ ಓಟಿಸ್ ವಾರನ್

ಮರ್ಸಿ ಓಟಿಸ್ ವಾರನ್ ಬಗ್ಗೆ ಓದಲು ಕೂತವರು ಮೊದಲು ಎಡವುವುದು ಜೇಮ್ಸ್ ಎಂಬ ಹೆಸರಿಗೆ. ಅಪ್ಪ ಜೇಮ್ಸ್ ಓಟಿಸ್, ಅಣ್ಣನೂ ಜೇಮ್ಸ್ ಓಟಿಸ್, ಗಂಡ ಜೇಮ್ಸ್ ವಾರನ್, ಹಿರಿಮಗ ಮತ್ತೆ ಜೇಮ್ಸ್ ವಾರನ್. ಇದು ಸಾಲದೆಂಬಂತೆ ಬಂಕರ್ ಹಿಲ್ ಕಾಳಗದಲ್ಲಿ ಮಡಿದು ಹೆಸರಾದ ಡಾಕ್ಟರ್ ಜೋಸೆಫ್ ವಾರನ್ ಬೇರೆ ಇದ್ದಾನೆ. ಅವನು ಈ ಮನೆಯವನಲ್ಲ. ಆದ್ದರಿಂದ ಈ ಲೇಖನದಲ್ಲಿ ಅಪ್ಪ ‘ಕರ್ನಲ್ ಓಟಿಸ್’, ಅಣ್ಣ ‘ವಕೀಲ ಓಟಿಸ್’, ಗಂಡ ಬರೀ ‘ವಾರನ್’.

ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಈಕೆ ವಿಡಂಬನ ನಾಟಕಗಳನ್ನು ಬರೆದಳು, ಹೊಸ ಸಂವಿಧಾನವನ್ನು ವಿರೋಧಿಸಿ ಕಿರುಪುಸ್ತಿಕೆ ಬರೆದಳು, ಕೊನೆಗೆ ಆ ಹೋರಾಟದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದಳು. 1790ಕ್ಕೆ ಮೊದಲು ಅಚ್ಚಾದ ಅವಳ ಮುಖ್ಯ ಬರಹಗಳ ಮೇಲೆ ಅವಳ ಹೆಸರಿಲ್ಲ. ಹಾಗಿದ್ದ ಮೇಲೆ ಅವು ಅವಳವೇ ಎಂದು ಗೊತ್ತಾದದ್ದು ಹೇಗೆ? ಹೆಚ್ಚಿನ ಪಾಲು, ಮನೆಯವರ ಮತ್ತು ಮನೆಗೆ ಬೇಕಾದವರ ಕಾಗದಪತ್ರಗಳಿಂದ. ತೊಡಕು ಇರುವುದೂ ಅಲ್ಲೇ. ಅವಳ ಪರವಾಗಿ ಸಾಕ್ಷಿ ಹೇಳುವ ಮನೆತನವೇ ಅವಳ ಬರಹದ ಪಕ್ಷಪಾತಕ್ಕೂ ಮೂಲ. ಓಟಿಸ್ ಮನೆಯ ಜಗಳ ಏನೆಂದು ತಿಳಿಯದೆ ಅವಳ ಒಂದು ಪುಟವನ್ನೂ ಸರಿಯಾಗಿ ಓದಲಾಗದು.

ಬಾರ್ನ್‌ಸ್ಟೆಬಲ್‌ನ ಮನೆ

ಮರ್ಸಿ ಹುಟ್ಟಿದ್ದು 1728ರ ಸೆಪ್ಟೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕರಾವಳಿಯ ಬಾರ್ನ್‌ಸ್ಟೆಬಲ್‌ನಲ್ಲಿ. ಒಂದು ಕಡೆ 14ನೇ ತಾರೀಖು ಎಂದಿರುತ್ತದೆ, ಇನ್ನೊಂದು ಕಡೆ 25. ಎರಡೂ ತಪ್ಪಲ್ಲ. ಬ್ರಿಟಿಷ್ ವಸಾಹತುಗಳು 1752ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಅನುಸರಿಸುತ್ತಿದ್ದವು, ಹೊಸದಕ್ಕೂ ಅದಕ್ಕೂ 11 ದಿನಗಳ ಅಂತರ. 1752ಕ್ಕಿಂತ ಹಿಂದಿನ ಯಾವ ತಾರೀಖು ಕಂಡರೂ ಇದು ನೆನಪಿರಲಿ.

ಹದಿಮೂರು ಮಕ್ಕಳಲ್ಲಿ ಅವಳು ಮೂರನೆಯವಳು, ಹೆಣ್ಣುಮಕ್ಕಳಲ್ಲಿ ಮೊದಲನೆಯವಳು. ತಾಯಿ ಮೇರಿ ಅಲೈನ್, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ಎಡ್ವರ್ಡ್ ಡೋಟಿಯ ವಂಶದವಳು. ಕರ್ನಲ್ ಓಟಿಸ್ ಬೇಸಾಯ, ವ್ಯಾಪಾರ, ವಕಾಲತ್ತು ಮೂರನ್ನೂ ಮಾಡುತ್ತಿದ್ದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆ ಕೊರಗು ಮಕ್ಕಳ ಓದಿನ ಮೇಲೆ ಬಿತ್ತು. ಗಂಡುಮಕ್ಕಳನ್ನು ಹಾರ್ವರ್ಡ್‌ಗೆ ತಯಾರು ಮಾಡಲು ಸಂಬಂಧಿ ಪಾದ್ರಿ ಜೋನಾಥನ್ ರಸೆಲ್ ಬಳಿ ಪಾಠಕ್ಕೆ ಬಿಟ್ಟ. ಎರಡನೆಯ ಮಗ ಜೋಸೆಫ್‌ಗೆ ಕಾಲೇಜು ಬೇಡವಾಗಿತ್ತು. ಅವನ ಜಾಗದಲ್ಲಿ ಅಣ್ಣನ ಪಕ್ಕ ಕೂತವಳು ಮರ್ಸಿ. ಲ್ಯಾಟಿನ್, ಗ್ರೀಕ್ ಮಾತ್ರ ಹುಡುಗಿಗೆ ಇಲ್ಲ. ಅವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿಕೊಂಡಳು. ವಾಲ್ಟರ್ ರಾಲಿ ಬರೆದ ಜಗತ್ತಿನ ಇತಿಹಾಸ ಅವಳಿಗೆ ಸಿಕ್ಕಿದ್ದು ಇಲ್ಲೇ. ಅಣ್ಣ 1743ರಲ್ಲಿ ಹಾರ್ವರ್ಡ್ ಪದವಿ ಪಡೆದ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಮರ್ಸಿಯ ಶಾಲೆ ಅಲ್ಲಿಗೆ ಮುಗಿಯಿತು.

1754ರಲ್ಲಿ ಅಣ್ಣನ ಹಾರ್ವರ್ಡ್ ಬಳಗದ ಜೇಮ್ಸ್ ವಾರನ್‌ನನ್ನು ಮದುವೆಯಾಗಿ ಪ್ಲಿಮತ್‌ಗೆ ಹೋದಳು. ಅವನೂ ಮೇಫ್ಲವರ್ ವಂಶದವನು. ಐದು ಮಕ್ಕಳು, ಐದೂ ಗಂಡು.

ಕೈತಪ್ಪಿದ ಹುದ್ದೆ

1760ರ ಸೆಪ್ಟೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಸ್ಟೀಫನ್ ಸಿವಾಲ್ ತೀರಿಕೊಂಡ. ಉಚ್ಚ ನ್ಯಾಯಾಲಯದಲ್ಲಿ ಜಾಗ ಖಾಲಿಯಾದರೆ ನಿನಗೇ ಎಂದು ಹಿಂದಿನ ಗವರ್ನರ್ ಕರ್ನಲ್ ಓಟಿಸ್‌ಗೆ ಮಾತು ಕೊಟ್ಟಿದ್ದ. ಹೊಸ ಗವರ್ನರ್ ಫ್ರಾನ್ಸಿಸ್ ಬರ್ನಾರ್ಡ್ ಆ ಮಾತನ್ನು ಬದಿಗಿಟ್ಟು ಥಾಮಸ್ ಹಚಿನ್ಸನ್‌ನನ್ನು ಮುಖ್ಯ ನ್ಯಾಯಾಧೀಶನನ್ನಾಗಿ ನೇಮಿಸಿದ. ಹಚಿನ್ಸನ್ ಆಗಲೇ ಲೆಫ್ಟಿನೆಂಟ್ ಗವರ್ನರ್ ಆಗಿದ್ದ, ಬೇರೆ ಹುದ್ದೆಗಳೂ ಅವನ ಕೈಯಲ್ಲಿದ್ದವು, ಮೇಲಾಗಿ ಅವನು ವಕೀಲನೇ ಅಲ್ಲ.

ಓಟಿಸ್ ಮನೆಯ ದೇಶಭಕ್ತಿ ಎಲ್ಲವೂ ಈ ಸೇಡಿನಿಂದ ಹುಟ್ಟಿದ್ದು ಎಂದು ಹಚಿನ್ಸನ್ ಪಾಳೆಯದವರು ಕೊನೆಯವರೆಗೂ ಹೇಳಿದರು. ಮನೆಯವರು ಅಲ್ಲಗಳೆದರು. ಎರಡೂ ಇತ್ತು ಎಂದು ಒಪ್ಪಿಕೊಂಡರೆ ದಾಖಲೆಗಳು ಹೆಚ್ಚು ಸರಾಗವಾಗಿ ಅರ್ಥವಾಗುತ್ತವೆ. ಅವಮಾನ ನಿಜ, ಆದರೆ ಮುಂದೆ ಎತ್ತಿದ ಕಾನೂನಿನ ಪ್ರಶ್ನೆ ಅದಕ್ಕಿಂತ ದೊಡ್ಡದು.

ಆ ಪ್ರಶ್ನೆ ‘ರಿಟ್ಸ್ ಆಫ್ ಅಸಿಸ್ಟೆನ್ಸ್’ ಎಂಬ ಶೋಧನಾ ಆದೇಶಗಳದ್ದು. ಕಳ್ಳಸಾಗಣೆಯ ಮಾಲು ಹುಡುಕಲು ಸುಂಕದ ಅಧಿಕಾರಿಗೆ ಕೊಡುತ್ತಿದ್ದ ಈ ಆದೇಶದಲ್ಲಿ ಯಾರ ಮನೆ, ಯಾವ ಮಾಲು ಎಂದು ಬರೆದಿರುತ್ತಿರಲಿಲ್ಲ. ಕೈಯಲ್ಲಿ ಕಾಗದವಿದ್ದರೆ ಯಾವ ಉಗ್ರಾಣದ ಬೀಗವನ್ನಾದರೂ ಒಡೆಯಬಹುದಿತ್ತು, ಕೆಲಸ ಮುಗಿದ ಮೇಲೆ ಅದನ್ನು ಹಿಂತಿರುಗಿಸಬೇಕಾಗಿಯೂ ಇರಲಿಲ್ಲ. ಅದಕ್ಕೆ ಇದ್ದ ಮಿತಿ ಒಂದೇ: ರಾಜ ಸತ್ತ ಆರು ತಿಂಗಳಿಗೆ ಅದು ತೀರಿಹೋಗುತ್ತಿತ್ತು. ಎರಡನೆಯ ಜಾರ್ಜ್ 1760ರ ಅಕ್ಟೋಬರ್‌ನಲ್ಲಿ ಸತ್ತ. ಹೊಸ ರಾಜನ ಹೆಸರಿನಲ್ಲಿ ಆದೇಶಗಳನ್ನು ಮತ್ತೆ ಕೊಡಬೇಕಾಗಿ ಬಂದು, ಬಾಸ್ಟನ್ ವ್ಯಾಪಾರಿಗಳಿಗೆ ನ್ಯಾಯಾಲಯದಲ್ಲಿ ತಕರಾರು ಎತ್ತಲು ದಾರಿ ಸಿಕ್ಕಿತು. ವಕೀಲ ಓಟಿಸ್ ಸರ್ಕಾರದ ವಕೀಲ ಹುದ್ದೆಗೆ ರಾಜೀನಾಮೆ ಕೊಟ್ಟು, ಫೀಸು ತೆಗೆದುಕೊಳ್ಳದೆ ವ್ಯಾಪಾರಿಗಳ ಪರ ನಿಂತ. 1761ರ ಫೆಬ್ರವರಿಯಲ್ಲಿ ನಾಲ್ಕೈದು ಗಂಟೆ ವಾದಿಸಿದ. ಪೀಠದ ಮೇಲೆ ಇದ್ದವನು ಅದೇ ಹಚಿನ್ಸನ್. ತೀರ್ಪು ಸರ್ಕಾರದ ಪರವಾಯಿತು.

‘ಸ್ವಾತಂತ್ರ್ಯವೆಂಬ ಕೂಸು ಹುಟ್ಟಿದ್ದು ಅಂದೇ, ಅಲ್ಲೇ’ ಎಂಬ ಅರ್ಥದ, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್‌ನ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಆಡಮ್ಸ್ ಅಂದು ಕೋರ್ಟಿನಲ್ಲಿ ಕೂತಿದ್ದದ್ದು ನಿಜ. ಆದರೆ ಈ ಮಾತು ಬರೆದದ್ದು 1817ರಲ್ಲಿ, ಅಂದರೆ 56 ವರ್ಷಗಳ ನಂತರ. ಓಟಿಸ್ ಮಾಡಿದ ವಾದದ ಪೂರ್ಣ ಪಠ್ಯ ಎಲ್ಲೂ ಇಲ್ಲ. ಇರುವುದು ಆಡಮ್ಸ್ ಆಗ ಬರೆದುಕೊಂಡ ಟಿಪ್ಪಣಿ ಮತ್ತು ಅದನ್ನು ಆಮೇಲೆ ಬೆಳೆಸಿದ ಬರಹ.

1769ರ ಸೆಪ್ಟೆಂಬರ್ 5ರ ರಾತ್ರಿ ಬಾಸ್ಟನ್‌ನ ಕಾಫಿ ಹೌಸ್ ಒಂದರಲ್ಲಿ ಸುಂಕದ ಕಮಿಷನರ್ ಜಾನ್ ರಾಬಿನ್ಸನ್ ಜೊತೆ ಹೊಡೆದಾಟವಾಗಿ ವಕೀಲ ಓಟಿಸ್‌ನ ತಲೆಗೆ ಪೆಟ್ಟು ಬಿತ್ತು. ಮೊದಲೇ ಏರುಪೇರಾಗುತ್ತಿದ್ದ ಮನಸ್ಸು ಆಮೇಲೆ ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಮನೆತನದ ದೊಡ್ಡ ಧ್ವನಿ ಹೀಗೆ ಅಡಗಿತು. ತಂಗಿಯ ಮೊದಲ ರಾಜಕೀಯ ನಾಟಕ ಅಚ್ಚಾದದ್ದು ಅದಾಗಿ ಮೂರು ವರ್ಷ ತುಂಬುವ ಮೊದಲೇ, 1772ರ ಮಾರ್ಚ್‌ನಲ್ಲಿ.

ರಂಗಭೂಮಿಯಿಲ್ಲದ ಊರಿನಲ್ಲಿ ನಾಟಕ

ಮರ್ಸಿ ನಾಟಕ ಪ್ರದರ್ಶನವನ್ನು ಕಂಡವಳೇ ಅಲ್ಲ ಎನ್ನಬೇಕು. ಮ್ಯಾಸಚೂಸೆಟ್ಸ್ 1750ರಲ್ಲೇ ಕಾನೂನು ಮಾಡಿ ನಾಟಕ ಆಡುವುದನ್ನು ನಿಷೇಧಿಸಿತ್ತು. ಅವಳು ಬರೆದದ್ದು ಪತ್ರಿಕೆಯಲ್ಲಿ ಓದುವ ನಾಟಕ. ‘ದಿ ಅಡ್ಯುಲೇಟರ್’ 1772ರಲ್ಲಿ ಮ್ಯಾಸಚೂಸೆಟ್ಸ್ ಸ್ಪೈ ಪತ್ರಿಕೆಯಲ್ಲಿ, ‘ದಿ ಡಿಫೀಟ್’ 1773ರಲ್ಲಿ ಬಾಸ್ಟನ್ ಗೆಜೆಟ್‌ನಲ್ಲಿ ಬಿಡಿ ದೃಶ್ಯಗಳಾಗಿ ಬಂದವು. ರಂಗಸಜ್ಜಿಕೆ, ಪಾತ್ರಗಳ ಓಡಾಟ, ಕಥೆಯ ಬೆಳವಣಿಗೆ ಹುಡುಕಿದರೆ ನಿರಾಸೆಯೇ. ಇಲ್ಲಿರುವುದು ಮಾತಿನ ಏಟು.

ಈ ಬರಹಗಳ ಉಪಾಯ ಸರಳ. ಊರು ಕಲ್ಪಿತ, ಹೆಸರುಗಳು ರೋಮನ್ ಇಲ್ಲವೆ ಹೀಯಾಳಿಕೆಯವು. ಬಾಸ್ಟನ್ ‘ಸರ್ವಿಯ’ ಆಗುತ್ತದೆ. ಹಚಿನ್ಸನ್ ‘ರಪೇಷಿಯೊ’, ಎಂದರೆ ದೋಚುವವನು. ವಕೀಲ ಓಟಿಸ್ ‘ಬ್ರೂಟಸ್’. ಓದುಗರಿಗೆ ಯಾರು ಯಾರೆಂದು ಕೂಡಲೇ ಹೊಳೆಯುತ್ತಿತ್ತು, ಮುದ್ರಕನ ಮೇಲೆ ಮೊಕದ್ದಮೆ ಹೂಡಲು ಹೆಸರು ಮಾತ್ರ ಸಿಗುತ್ತಿರಲಿಲ್ಲ. ಇದರಲ್ಲಿ ಒಂದು ಅಪಾಯವೂ ಇತ್ತು: ಹೆಸರಿಲ್ಲದ ಬರಹಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ‘ಅಡ್ಯುಲೇಟರ್’ 1773ರಲ್ಲಿ ಪುಸ್ತಿಕೆಯಾಗಿ ಬಂದಾಗ ಬೇರೆ ಯಾರೋ ಅದರೊಳಗೆ ದೃಶ್ಯಗಳನ್ನು ತುರುಕಿದ್ದರು. ಪುಸ್ತಿಕೆಯ ರೂಪವನ್ನು ಪೂರ್ತಿ ಮರ್ಸಿಯದೆಂದು ಎತ್ತಿಕೊಂಡು ವಿಮರ್ಶೆ ಬರೆಯುವುದು ಇಂದಿಗೂ ಆಗುವ ತಪ್ಪು.

ಮೂರರಲ್ಲಿ ಗಟ್ಟಿಯಾದದ್ದು ‘ದಿ ಗ್ರೂಪ್’. 1774ರಲ್ಲಿ ಬ್ರಿಟಿಷ್ ಸಂಸತ್ತು ಮ್ಯಾಸಚೂಸೆಟ್ಸ್‌ನ ಹಳೆಯ ವ್ಯವಸ್ಥೆ ರದ್ದು ಮಾಡಿ, ಚುನಾಯಿತ ಸಲಹಾಮಂಡಳಿಯ ಬದಲು ರಾಜ ನೇಮಿಸಿದ ಮಂಡಳಿಯನ್ನು ತಂದಿತು. ಆ ನೇಮಕ ಒಪ್ಪಿಕೊಂಡವರೇ ಈ ನಾಟಕದ ಗುಂಪು. ಹೇಟ್‌ಆಲ್ ಎಂಬವನು ಟಿಮತಿ ರಗಲ್ಸ್. ಅವನು ವರದಕ್ಷಿಣೆಗಾಗಿ ಹೆಂಡತಿಯನ್ನು ಕಟ್ಟಿಕೊಂಡದ್ದನ್ನು, ಹಣ ಕೈಗೆ ಬಂದ ಮೇಲೆ ಅವಳನ್ನು ಬಗ್ಗಿಸಿದ್ದನ್ನು ಜಂಬದಿಂದ ಹೇಳಿಕೊಳ್ಳುತ್ತಾನೆ. ಎದುರು ಮಾತಾಡುವ ಹೆಂಡತಿಗೆ ಹಸಿ ಹಿಕರಿ ಕೋಲೇ ಮದ್ದು ಎನ್ನುತ್ತಾನೆ. ಇನ್ನೊಬ್ಬ, ಸಿಂಪಲ್ ಸ್ಯಾಪ್ಲಿಂಗ್, ಬ್ರಿಟಿಷ್ ಸೈನಿಕರಿಗೆ ತನ್ನ ಮನೆಯನ್ನೇ ಬಿಟ್ಟುಕೊಡಲು ಹೊರಡುತ್ತಾನೆ, ಅಲ್ಲಿ ಹೆಂಡತಿ ಮಕ್ಕಳ ಪಾಡೇನು ಎಂಬ ಯೋಚನೆಯಿಲ್ಲದೆ. ದೇಶವನ್ನು ಮಾರುವವನು ಮನೆಯಲ್ಲಿ ಹೇಗಿರುತ್ತಾನೆ ಎಂದು ಅಡಿಗೆಮನೆಯ ಬಾಗಿಲಿನಿಂದ ನೋಡಿದ ವಿಡಂಬನೆ ಇದು. ಅದೇ ಕಾಲದ ಗಂಡಸರ ಕಿರುಪುಸ್ತಿಕೆಗಳಲ್ಲಿ ಈ ನೋಟ ಅಪರೂಪ.

ಅದರಲ್ಲಿ ಖಜಾಂಚಿ ಹ್ಯಾರಿಸನ್ ಗ್ರೇಗೂ ‘ಸ್ಕ್ರಿಬ್ಲೀರಿಯಸ್ ಫ್ರಿಬಲ್’ ಎಂಬ ಹೆಸರಿನಲ್ಲಿ ಪೆಟ್ಟು ಬಿದ್ದಿದೆ. ಗ್ರೇ ಬೇರೆ ಯಾರೂ ಅಲ್ಲ, ಮರ್ಸಿಯ ತಮ್ಮ ಸ್ಯಾಮ್ಯುಯೆಲ್ ಅಲೈನ್ ಓಟಿಸ್‌ನ ಮಾವ. ಬೀಗರನ್ನೂ ಬಿಡಲಿಲ್ಲ.

‘ಗ್ರೂಪ್’ನ ಭಾಗ 1775ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು, ಪುಸ್ತಿಕೆ ಏಪ್ರಿಲ್ ಮೊದಲ ವಾರ. ಲೆಕ್ಸಿಂಗ್ಟನ್‌ನಲ್ಲಿ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿದ್ದು ಏಪ್ರಿಲ್ 19ಕ್ಕೆ.

ಇದು ಅವಳದೇ ಎಂದು ಹೇಳುವುದು ಹೇಗೆ?

ಅವಳ ಹೆಸರಿಗೆ ಹಚ್ಚಿದ ಕೃತಿಗಳನ್ನು ಸಾಕ್ಷ್ಯದ ಬಲದ ಮೇಲೆ ಬೇರ್ಪಡಿಸಬೇಕು. ಲೇಖಕಿಯೋ ಆ ಕಾಲದ ಆಪ್ತರೋ ಪತ್ರದಲ್ಲಿ ಒಪ್ಪಿಕೊಂಡದ್ದು ಗಟ್ಟಿ ಸಾಕ್ಷ್ಯ. ಶೈಲಿ ಹೋಲುತ್ತದೆ ಎನ್ನುವುದು ದುರ್ಬಲ. ‘ಹಿಂದಿನಿಂದ ಹಾಗೆ ಹೇಳುತ್ತಾರೆ’ ಎಂಬುದು ಸಾಕ್ಷ್ಯವೇ ಅಲ್ಲ.

‘ಗ್ರೂಪ್’ ಮೊದಲ ಜಾತಿಯದು. ಬಾಸ್ಟನ್ ಅಥೀನಿಯಂ ಗ್ರಂಥಾಲಯದ ಪ್ರತಿಯಲ್ಲಿ ಅದು ಸ್ಯಾಮ್ಯುಯೆಲ್ ಬ್ಯಾರೆಟ್ ಎಂಬವನದೆಂದು ದಾಖಲಾಗಿದೆ ಎಂದು ತಿಳಿದಾಗ ಮರ್ಸಿಗೆ 85 ವರ್ಷ. ಆಡಮ್ಸ್‌ಗೆ ಪತ್ರ ಬರೆದಳು. 1814ರ ಆಗಸ್ಟ್‌ನಲ್ಲಿ ಮಾಜಿ ಅಧ್ಯಕ್ಷ ಖುದ್ದಾಗಿ ಗ್ರಂಥಾಲಯಕ್ಕೆ ಹೋಗಿ ಆ ಪ್ರತಿಯಲ್ಲೇ ಇದು ಶ್ರೀಮತಿ ವಾರನ್ ಬರೆದದ್ದು ಎಂದು ದೃಢೀಕರಿಸಿದ. ಎರಡು ತಿಂಗಳಲ್ಲಿ ಆಕೆ ತೀರಿಕೊಂಡಳು.

ಚಹಾದ ಪದ್ಯಕ್ಕೂ ಆಡಮ್ಸ್ ಪತ್ರವೇ ಸಾಕ್ಷಿ. 1773ರ ಡಿಸೆಂಬರ್ 16ರಂದು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ಪ್ರತಿಭಟನಕಾರರ ಕೈಯಿಂದ ಬಾಸ್ಟನ್ ಬಂದರಿನ ನೀರು ಸೇರಿದ ವಾರದೊಳಗೆ, ಇದರ ಮೇಲೆ ನಿಮ್ಮ ಮನೆಯವರು ಒಂದು ಪದ್ಯ ಬರೆಯಲಿ ಎಂಬ ಕೋರಿಕೆ ವಾರನ್‌ಗೆ ಬಂತು. ಸಮುದ್ರಕನ್ಯೆಯರ ಜಗಳದ ರೂಪದ ಆ ಪದ್ಯ 1774ರ ಮಾರ್ಚ್‌ನಲ್ಲಿ ಬಾಸ್ಟನ್ ಗೆಜೆಟ್‌ನಲ್ಲಿ ಅಚ್ಚಾಯಿತು.

1788ರ ಫೆಬ್ರವರಿಯ ಕಿರುಪುಸ್ತಿಕೆಯ ಕಥೆ ಬೇರೆ. ‘ಎ ಕೊಲಂಬಿಯನ್ ಪೇಟ್ರಿಯಟ್’ ಎಂಬ ಗುಪ್ತನಾಮದ ಅದು ಹೊಸ ಸಂವಿಧಾನದ ಮೇಲೆ ಒಂದೊಂದಾಗಿ ಆಕ್ಷೇಪ ಎತ್ತುತ್ತದೆ: ಹಕ್ಕುಗಳ ಪಟ್ಟಿ ಇಲ್ಲ, ಪತ್ರಿಕಾ ಸ್ವಾತಂತ್ರ್ಯಕ್ಕೆ ಭದ್ರತೆ ಇಲ್ಲ, ಸಿವಿಲ್ ದಾವೆಗಳಲ್ಲಿ ಜ್ಯೂರಿಯ ಖಾತರಿ ಇಲ್ಲ, ಸೆನೆಟರ್‌ಗಳ ಅವಧಿ ಆರು ವರ್ಷ, ಖಾಯಂ ಸೈನ್ಯಕ್ಕೆ ತಡೆಯಿಲ್ಲ. ಸುಂಕದ ಯಾವನೋ ಅಧಿಕಾರಿ ಮನೆಗೆ ನುಗ್ಗುವುದರ ವಿರುದ್ಧವೂ ರಕ್ಷಣೆ ಇಲ್ಲ ಎನ್ನುತ್ತದೆ. ಈ ಕೊನೆಯ ಮಾತಿನಲ್ಲಿ 1761ರ ಅಣ್ಣನ ವಾದ ನೇರವಾಗಿ ಕೇಳುತ್ತದೆ. ಮ್ಯಾಸಚೂಸೆಟ್ಸ್ ಅದೇ ತಿಂಗಳ 6ರಂದು 187–168 ಮತಗಳಿಂದ ಸಂವಿಧಾನವನ್ನು ಒಪ್ಪಿತು. ಪುಸ್ತಿಕೆ ಹೆಚ್ಚು ಓಡಾಡಿದ್ದು ನ್ಯೂಯಾರ್ಕ್‌ನಲ್ಲಿ.

ಅದನ್ನು ಬರೆದವನು ಎಲ್‌ಬ್ರಿಜ್ ಗೆರಿ ಎಂದೇ ಬಹುಕಾಲ ನಂಬಿದ್ದರು. 1888ರ ಪ್ರಸಿದ್ಧ ಸಂಕಲನವೊಂದು ಗೆರಿಯ ಹೆಸರಿನಲ್ಲೇ ಅಚ್ಚು ಹಾಕಿತು. ಗೆರಿ ಸಂವಿಧಾನ ಸಭೆಯಲ್ಲಿ ಸಹಿ ಹಾಕಲು ಒಪ್ಪದವನು, ಆದ್ದರಿಂದ ಊಹೆ ಸಹಜವಾಗಿತ್ತು. 1930ರ ದಶಕದ ಆರಂಭದಲ್ಲಿ ವಾರನ್ ವಂಶದವನೇ ಆದ ಕಾನೂನು ಇತಿಹಾಸಕಾರ ಚಾರ್ಲ್ಸ್ ವಾರನ್, ಮರ್ಸಿಯ ಪತ್ರದ ಆಧಾರದಿಂದ ಅದು ಅವಳದೆಂದು ತೋರಿಸಿದ. ಸುಮಾರು ಒಂದೂವರೆ ಶತಮಾನ ಅವಳ ಅತಿ ಖಚಿತವಾದ ರಾಜಕೀಯ ಬರಹ ಇನ್ನೊಬ್ಬನ ಖಾತೆಯಲ್ಲಿತ್ತು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿದ ಜಾಲತಾಣಗಳಲ್ಲಿ ಈಗಲೂ ಗೆರಿಯ ಹೆಸರು ಕಾಣಬಹುದು.

ತಿರುಗುಮುರುಗು ತಪ್ಪೂ ಇದೆ. ‘ದಿ ಬ್ಲಾಕ್‌ಹೆಡ್ಸ್’ (1776), ‘ದಿ ಮಾಟ್ಲಿ ಅಸೆಂಬ್ಲಿ’ (1779) ಎಂಬ ಪ್ರಹಸನಗಳನ್ನು ಅವಳ ಪಟ್ಟಿಗೆ ಸೇರಿಸುವವರಿದ್ದಾರೆ. ಅವು ಗದ್ಯದಲ್ಲಿವೆ, ಭಾಷೆ ಒರಟು, ಪತ್ರಗಳ ಆಧಾರ ಇಲ್ಲ. ಗಟ್ಟಿ ಪಟ್ಟಿಯಿಂದ ಹೊರಗಿಡುವುದೇ ಸರಿ.

ಅವಳ ಸ್ವಂತ ಹೆಸರಿನಲ್ಲಿ ಬಂದ ಮೊದಲ ಪುಸ್ತಕ 1790ರ ಕವನ ಮತ್ತು ದುರಂತ ನಾಟಕಗಳ ಸಂಪುಟ. ವಾಷಿಂಗ್ಟನ್‌ಗೆ ಅರ್ಪಿತ. ಬಿಗಿ, ಭಾರ, ಒಮ್ಮೆ ಓದಿ ಮುಂದೆ ಹೋಗಬಹುದು.

ಮೂರು ಸಂಪುಟದ ಇತಿಹಾಸ

1805ರಲ್ಲಿ ಬಾಸ್ಟನ್‌ನಲ್ಲಿ ಹೊರಬಂದ ‘ಅಮೆರಿಕನ್ ಕ್ರಾಂತಿಯ ಉದಯ, ಬೆಳವಣಿಗೆ ಮತ್ತು ಮುಕ್ತಾಯದ ಇತಿಹಾಸ’ಕ್ಕೆ 31 ಅಧ್ಯಾಯಗಳು. ಬರವಣಿಗೆ ಶುರುವಾದದ್ದು ಯುದ್ಧದ ವರ್ಷಗಳಲ್ಲೇ. ಕಣ್ಣು ಮಂಜಾದ ಮೇಲೆ ಮಗ ಜೇಮ್ಸ್ ಲಿಪಿಕಾರನಾದ. ಮುಂಗಡ ಚಂದಾ ಎತ್ತಿ ಅಚ್ಚು ಹಾಕಿಸಿದರು. ಅಧ್ಯಕ್ಷ ಜೆಫರ್ಸನ್ ತನಗೂ ತನ್ನ ಇಲಾಖಾ ಮುಖ್ಯಸ್ಥರಿಗೂ ಪ್ರತಿ ಬರೆಸಿದ. ಆದರೂ ವ್ಯಾಪಾರ ಚೆನ್ನಾಗಿ ಆಗಲಿಲ್ಲ. ಯುದ್ಧ ಮುಗಿದು ಎರಡು ದಶಕ ದಾಟಿತ್ತು, ಜಾನ್ ಮಾರ್ಷಲ್ ಬರೆದ ವಾಷಿಂಗ್ಟನ್ ಚರಿತ್ರೆ ಆಗಲೇ ಮಾರುಕಟ್ಟೆಯಲ್ಲಿತ್ತು, ಅವಳ ಜೆಫರ್ಸನ್ ಒಲವು ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯದ ನ್ಯೂ ಇಂಗ್ಲೆಂಡಿನ, ಜೆಫರ್ಸನ್‌ಗೆ ಎದುರಾದ ಫೆಡರಲಿಸ್ಟ್ ಪಕ್ಷದ ಓದುಗರಿಗೆ ಹಿಡಿಸಲಿಲ್ಲ.

ಇದನ್ನು ಓದುವಾಗ ಒಂದು ಪದ್ಧತಿ ಉಪಯೋಗಕ್ಕೆ ಬರುತ್ತದೆ. ವ್ಯಕ್ತಿಚಿತ್ರ ಬಂದಲ್ಲೆಲ್ಲ ನಿಂತು, ಈ ಮನುಷ್ಯನಿಗೂ ಓಟಿಸ್–ವಾರನ್ ಮನೆಗೂ ಏನು ಸಂಬಂಧ ಎಂದು ನೋಡಿ. ಹಚಿನ್ಸನ್ ಕಪಟಿ, ಒಳಸಂಚಿನವನು, ಗರ್ವಿಷ್ಠ, ದುರಾಸೆಯವನು. ಅಣ್ಣ ಸ್ವಾತಂತ್ರ್ಯದ ಮೊದಲ ವೀರ. ಮನೆಯ ಲೆಕ್ಕ ತೀರಿಸುವುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಮನೆಗೆ ಸಂಬಂಧವಿಲ್ಲದ ಕಡೆ, ದಂಡಯಾತ್ರೆಗಳನ್ನೂ ದೂರದ ಸೇನಾಪತಿಗಳನ್ನೂ ಹೇಳುವಾಗ, ಅವಳ ತೂಕ ಹೆಚ್ಚು ಸಮ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸ್ ಅವಳ ಕಥೆಯಲ್ಲಿ ಸೋತವನು. ನಮಗೆ ಅವನು 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು. ಒಂದೇ ಮನುಷ್ಯ, ಹನ್ನೊಂದು ವರ್ಷದ ಅಂತರ.

ಆಡಮ್ಸ್ ಬಗ್ಗೆ ಬರೆದದ್ದು ಮಾತ್ರ ದುಬಾರಿಯಾಯಿತು. ಅವನ ರಾಗದ್ವೇಷಗಳು ಕೆಲವೊಮ್ಮೆ ಅವನ ವಿವೇಕವನ್ನು ಮೀರುತ್ತಿದ್ದವು, ಯುರೋಪಿನಲ್ಲಿದ್ದು ರಾಜಪ್ರಭುತ್ವದ ಕಡೆ ವಾಲಿದ ಎಂದಳು. ಒಂದು ಕಾಲದಲ್ಲಿ ಅವಳ ಬರಹವನ್ನು ಬೆನ್ನುತಟ್ಟಿ ಬೆಳೆಸಿದವನು ಅವನೇ. 1807ರ ಜುಲೈ–ಆಗಸ್ಟ್‌ನಲ್ಲಿ ಹತ್ತು ಪತ್ರಗಳಲ್ಲಿ ಸಿಟ್ಟು ಕಾರಿದ. ಅವಳು ಆರು ಉತ್ತರ ಬರೆದು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. 1812ರಲ್ಲಿ ಗೆರಿಯ ಮಧ್ಯಸ್ಥಿಕೆಯಿಂದ ರಾಜಿಯಾಯಿತು. ಆದರೂ 1813ರಲ್ಲಿ ಆಡಮ್ಸ್ ಗೆರಿಗೆ ಬರೆದ: ಇತಿಹಾಸ ಹೆಂಗಸರ ಕ್ಷೇತ್ರವಲ್ಲ. ಮರುವರ್ಷ ಅಥೀನಿಯಂಗೆ ಹೋಗಿ ‘ಗ್ರೂಪ್’ ಅವಳದೆಂದು ಬರೆದುಕೊಟ್ಟವನೂ ಇವನೇ. ನಾಟಕ ಒಪ್ಪಿತ, ಇತಿಹಾಸ ಅಲ್ಲ.

ಮನೆತನದಲ್ಲಿ ಉಳಿದದ್ದು

1781ರಲ್ಲಿ ವಾರನ್ ದಂಪತಿ ಮಿಲ್ಟನ್‌ನಲ್ಲಿ ಮನೆ ಕೊಂಡರು. ಅದು ಇಂಗ್ಲೆಂಡಿಗೆ ಹೋಗಿ ಅಲ್ಲೇ ಸತ್ತ ಹಚಿನ್ಸನ್‌ನ ಮನೆ, ಸರ್ಕಾರ ಮುಟ್ಟುಗೋಲು ಹಾಕಿಕೊಂಡಿದ್ದದ್ದು. ಗೆಲುವು ಬಹಳ ದಿನ ಬಾಳಲಿಲ್ಲ. ವಾರನ್ ರಾಜಕೀಯವಾಗಿ ಮೂಲೆಗೆ ಸರಿದ, 1786–87ರಲ್ಲಿ ಸಾಲ, ತೆರಿಗೆಯ ಹೊರೆಯಿಂದ ರೈತರು ಎದ್ದ ಶೇಸ್ ದಂಗೆಯ ಬಗ್ಗೆ ಸಹಾನುಭೂತಿ ಇದೆ ಎಂಬ ಅಪವಾದ ಬಂತು, ಮನೆ ಮಾರಿ ಪ್ಲಿಮತ್‌ಗೆ ಮರಳಿದರು. ಮಕ್ಕಳಲ್ಲಿ ಜೇಮ್ಸ್ ನೌಕಾಯುದ್ಧದಲ್ಲಿ ಕಾಲು ಕಳೆದುಕೊಂಡ. ಚಾರ್ಲ್ಸ್ 1785ರಲ್ಲಿ ಸ್ಪೇನ್‌ನಲ್ಲಿ ಕಾಯಿಲೆಯಿಂದ ಸತ್ತ. ಸಾಲದಲ್ಲಿ ಮುಳುಗಿ ಸೈನ್ಯ ಸೇರಿದ ವಿನ್ಸ್‌ಲೊ 1791ರ ನವೆಂಬರ್ 4ರಂದು ಮೂಲನಿವಾಸಿಗಳ ಎದುರು ಜನರಲ್ ಸೇಂಟ್ ಕ್ಲೇರ್ ಕಂಡ ಸೋಲಿನಲ್ಲಿ ಮಡಿದ. ಜಾರ್ಜ್ 1800ರಲ್ಲಿ ಹೋದ. ವಕೀಲ ಓಟಿಸ್ 1783ರ ಮೇ 23ರಂದು ಆಂಡೋವರ್‌ನ ಮನೆ ಬಾಗಿಲಲ್ಲಿ ನಿಂತಿದ್ದಾಗ ಸಿಡಿಲು ಬಡಿದು ಸತ್ತ.

ಅಣ್ಣ ಸಾಯುವ ಮೊದಲು ತನ್ನ ಕಾಗದಗಳನ್ನು ಸುಟ್ಟುಹಾಕಿದ್ದ. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ತಂಗಿಯ ಮತ್ತು ಆಡಮ್ಸ್‌ನ ಬರಹದಿಂದ ಬಂದದ್ದು. ಇಬ್ಬರೂ ಅವನ ಅಭಿಮಾನಿಗಳು. ಮರ್ಸಿಯ ಪತ್ರಗಳು ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಅಲ್ಲಿನ ಪತ್ರಪುಸ್ತಕ ಆಮೇಲೆ ಬೇರೆಯವರ ಕೈಯಿಂದ ನಕಲಾದದ್ದು, ಅದರ ಕೆಲವು ತಾರೀಖುಗಳು ತಪ್ಪು. ತಾರೀಖು ಮುಖ್ಯವಾದಾಗ ಪತ್ರ ಪಡೆದವರ ಕಡೆಯ ಮೂಲಪ್ರತಿಯೊಂದಿಗೆ ಹೋಲಿಸಿಯೇ ಬಳಸಬೇಕು. ಆಡಮ್ಸ್ ಜೊತೆಗಿನ 1807ರ ಜಗಳದ ಪತ್ರಗಳು 1878ರಲ್ಲೇ ಅಚ್ಚಾಗಿವೆ. ಸುಮಾರು 1763ರಲ್ಲಿ ಚಿತ್ರಕಾರ ಕಾಪ್ಲಿ ಬರೆದ ಅವಳ ಭಾವಚಿತ್ರ ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಅವಳು ಕಸೂತಿ ಹಾಕಿದ ಇಸ್ಪೀಟು ಮೇಜಿನ ಹೊದಿಕೆ ಪ್ಲಿಮತ್‌ನ ಪಿಲ್‌ಗ್ರಿಮ್ ಹಾಲ್‌ನಲ್ಲಿದೆ. ಆಡುತ್ತಿರುವ ಆಟದ ನಡುವೆ ಬಿಟ್ಟಂತೆ ಎಲೆಗಳನ್ನೇ ಅದರ ಮೇಲೆ ಹೊಲಿದಿದ್ದಾಳೆ.

ಅಧಿಕಾರ ಹೋದದ್ದು ತಮ್ಮನ ಕವಲಿಗೆ. ಸ್ಯಾಮ್ಯುಯೆಲ್ ಅಲೈನ್ ಓಟಿಸ್ ಸೆನೆಟಿನ ಮೊದಲ ಕಾರ್ಯದರ್ಶಿ. 1789ರಲ್ಲಿ ವಾಷಿಂಗ್ಟನ್ ಪ್ರಮಾಣವಚನ ತೆಗೆದುಕೊಂಡಾಗ ಬೈಬಲ್ ಹಿಡಿದು ನಿಂತವನು. ಅವನ ಮಗನಿಗೆ, ಮರ್ಸಿ ನಾಟಕದಲ್ಲಿ ಗೇಲಿ ಮಾಡಿದ ಅಜ್ಜನ ಹೆಸರನ್ನೇ ಇಟ್ಟಿದ್ದರು. ಆ ಹ್ಯಾರಿಸನ್ ಗ್ರೇ ಓಟಿಸ್ ಬಾಸ್ಟನ್ನಿನ ದೊಡ್ಡ ಫೆಡರಲಿಸ್ಟ್ ಆಗಿ, ಸೆನೆಟರ್ ಆಗಿ, ಮೇಯರ್ ಆಗಿ ಬೆಳೆದ. ಇಂದು ಬಾಸ್ಟನ್‌ನಲ್ಲಿ ‘ಓಟಿಸ್ ಹೌಸ್’ ಎಂದು ಪ್ರವಾಸಿಗರು ನೋಡಲು ಹೋಗುವುದು ಚಾರ್ಲ್ಸ್ ಬುಲ್‌ಫಿಂಚ್ ವಿನ್ಯಾಸ ಮಾಡಿದ 1796ರ ಅವನ ಮನೆಯನ್ನು. ಮರ್ಸಿ 1814ರ ಅಕ್ಟೋಬರ್ 19ರಂದು ಪ್ಲಿಮತ್‌ನಲ್ಲಿ ಸತ್ತಳು; ಬ್ರಿಟನ್ ಜೊತೆ 1812ರಲ್ಲಿ ಶುರುವಾದ ಯುದ್ಧದಲ್ಲಿ ಕೇಂದ್ರ ಸರ್ಕಾರದ ನೀತಿಯ ವಿರುದ್ಧ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು ಕರೆದ ಹಾರ್ಟ್‌ಫರ್ಡ್ ಸಮಾವೇಶ ಡಿಸೆಂಬರ್ 15ರಂದು ಸೇರಿತು, ಅದರ ಮುಂದಾಳುಗಳಲ್ಲಿ ಈ ಸೋದರಳಿಯನೂ ಒಬ್ಬ.